ಸೂಜಿ ಚುಚ್ಚಿದಲ್ಲಿ ಕಪ್ಪಾದ ಹುರುಪೆ

ಹಾವಿಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗಿ ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ಸಾಕಿದವರು ತೆಗೆಯುವ ಫೋಟೊ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆನ್ನೆಲುಬಿನ ಪಕ್ಕದಲ್ಲಿ, ಸೂಜಿ ಹೋದ ಜಾಗದ ಸುತ್ತ ಐದಾರು ಹುರುಪೆಗಳು ಕಂದುಬಣ್ಣಕ್ಕೆ ತಿರುಗಿವೆ, ಮಧ್ಯದ ಒಂದೆರಡು ಸುಟ್ಟಂತೆ ಕಪ್ಪಾಗಿವೆ, ಮುಟ್ಟಿದರೆ ಒಳಗೆ ಗಟ್ಟಿ. ಜೊತೆಗೆ ಬರುವ ಪ್ರಶ್ನೆಯೂ ಒಂದೇ: ಇದು ಅಲರ್ಜಿಯಾ, ಇಂಜೆಕ್ಷನ್ ನಿಲ್ಲಿಸಿಬಿಡೋಣವಾ?

ಬಹುತೇಕ ಸಲ ಅದು ಅಲರ್ಜಿ ಅಲ್ಲ. ಔಷಧದ ದ್ರಾವಣವೇ ಆ ಜಾಗದ ಮಾಂಸವನ್ನೂ ಚರ್ಮವನ್ನೂ ಸುಟ್ಟಿರುತ್ತದೆ. ಎರಡೂ ಒಂದೇ ಅಂದುಕೊಂಡರೆ ಹಾವಿಗೆ ನಷ್ಟ. ಅಲರ್ಜಿಯಾದರೆ ಔಷಧ ನಿಲ್ಲಿಸಬೇಕು. ಸುಟ್ಟ ಗಾಯವಾದರೆ ಔಷಧ ಮುಂದುವರಿಸಿ, ಕೊಡುವ ರೀತಿ ಬದಲಾಯಿಸಬೇಕು. ನ್ಯುಮೋನಿಯಾ ಆದ ಹಾವಿಗೆ ಎರಡು ಡೋಸ್ ಕೊಟ್ಟು, ಬೆನ್ನಿನ ಕಲೆ ಕಂಡು ಹೆದರಿ ನಿಲ್ಲಿಸಿದರೆ ಶ್ವಾಸಕೋಶದಲ್ಲಿ ಬದುಕುಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ, ಮುಂದಿನ ಸಲ ಅದೇ ಔಷಧಕ್ಕೆ ಬಗ್ಗುವುದಿಲ್ಲ. ಬೆನ್ನಿನ ಕಲೆ ಒಂದೆರಡು ಪೊರೆ ಬಿಡುವಷ್ಟರಲ್ಲಿ ಮಾಸುತ್ತದೆ. ಅರ್ಧಕ್ಕೆ ನಿಂತ ಚಿಕಿತ್ಸೆಯ ನಷ್ಟ ಹಾಗೆ ಮಾಸುವಂಥದ್ದಲ್ಲ.

ನಮ್ಮ ಜಿಲ್ಲೆಯಲ್ಲಿ ಈ ವಿಷಯಕ್ಕೆ ಎರಡು ಮುಖ ಇದೆ. ಕಾರವಾರ, ಕುಮಟಾ, ಶಿರಸಿ ಕಡೆಯ ಮನೆಗಳಲ್ಲಿ ಸಾಕುವುದೇನಿದ್ದರೂ ಆಫ್ರಿಕಾ ಮೂಲದ ಬಾಲ್ ಪೈಥಾನ್, ಅಮೆರಿಕ ಮೂಲದ ಕಾರ್ನ್ ಸ್ನೇಕ್‌ನಂಥ ಹೊರದೇಶದ ಹಾವುಗಳನ್ನು. ಬಾಲ್ ಪೈಥಾನ್, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ಪ್ರಾಣಿಗಳಿಗೂ ಕಾಯ್ದೆಯಲ್ಲಿ ಜಾಗ ಸಿಕ್ಕಿದೆ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಇನ್ನೊಂದು ಮುಖ ನಮ್ಮ ಕಾಡಿನ ಹಾವುಗಳದ್ದು. ಬಲೆಗೆ ಸಿಕ್ಕಿದ, ಕತ್ತಿಯೇಟು ಬಿದ್ದ ಹೆಬ್ಬಾವನ್ನು ಅರಣ್ಯ ಇಲಾಖೆಯವರು ತಾಲೂಕು ಪಶು ಆಸ್ಪತ್ರೆಗೆ ತರುತ್ತಾರೆ. ಅದನ್ನು ಮನೆಯಲ್ಲಿಟ್ಟು ಆರೈಕೆ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಸೂಜಿ, ಔಷಧ, ಚರ್ಮದ ಕಷ್ಟ ಎರಡು ಕಡೆಯೂ ಒಂದೇ.

ಮೊದಲು ಔಷಧದ ಸ್ವಭಾವ ನೋಡೋಣ. ಹಾವಿಗೆ ಕೊಡುವ ಆ್ಯಂಟಿಬಯೋಟಿಕ್‌ಗಳಲ್ಲಿ ಚರ್ಮ ಸುಡುವುದಕ್ಕೆ ಹೆಸರಾದದ್ದು ಎನ್ರೋಫ್ಲಾಕ್ಸಾಸಿನ್. ಈ ಔಷಧ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಂತೂ ತೀರಾ ಕಡಿಮೆ. ಹಾಗಾಗಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರ ಹಾಕಿ ಕರಗಿಸುತ್ತಾರೆ. ಆಮ್ಲ-ಕ್ಷಾರದ ಅಳತೆ ಪಿಎಚ್; ಏಳಕ್ಕಿಂತ ಮೇಲಾದರೆ ಕ್ಷಾರ. ಸೀಸೆಯೊಳಗಿನ ದ್ರಾವಣದ ಪಿಎಚ್ 10ರಿಂದ 11ರ ಆಸುಪಾಸು, ಮೈಯೊಳಗಿನದು ಏಳೂವರೆ ಆಸುಪಾಸು. ಅಷ್ಟು ಕ್ಷಾರದ ದ್ರವ ಒಮ್ಮೆಲೇ ಮಾಂಸಖಂಡಕ್ಕೆ ಹೋದಾಗ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಮೈಯ ದ್ರವ ಸೇರಿ ಪಿಎಚ್ ಇಳಿದಂತೆ ಔಷಧದ ಒಂದು ಪಾಲು ಕರಗಿದ ಸ್ಥಿತಿಯಿಂದ ಹೊರಬಂದು ಸಣ್ಣ ಹರಳಾಗಿ ಅಲ್ಲೇ ಕೂರಬಹುದು. ಊತ ದಿನಗಟ್ಟಲೆ ಇಳಿಯದೇ ಇರುವುದಕ್ಕೆ ಅದೂ ಒಂದು ಕಾರಣ.

ದನ, ನಾಯಿಗೂ ಇದೇ ಔಷಧ ಕೊಡುತ್ತಾರಲ್ಲ, ಅವಕ್ಕೆ ಹೀಗೆ ಕಲೆ ಬೀಳುವುದು ಕಾಣುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅವುಗಳ ಮೈಗೆ ಕೂದಲಿದೆ, ಚರ್ಮದಡಿ ಕೊಬ್ಬಿದೆ, ಮಾಂಸ ದಪ್ಪ, ರಕ್ತ ಬಿಸಿ. ಔಷಧ ಬೇಗ ಹರಡಿ ಹೋಗುತ್ತದೆ. ಹಾವು ಕೊಬ್ಬನ್ನು ಹೊಟ್ಟೆಯೊಳಗೆ ಕೂಡಿಡುವ ಪ್ರಾಣಿ. ಚರ್ಮದ ಕೆಳಗೆ ಕೊಬ್ಬಿನ ಪದರ ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ಬೆನ್ನಿನ ಮಾಂಸಪಟ್ಟಿಯೂ ಸಣ್ಣದು. ಮೈ ತಂಪಾಗಿದ್ದರೆ ರಕ್ತದ ಓಟವೂ ನಿಧಾನ. ಹೋದ ಔಷಧ ಹೋದಲ್ಲೇ ಹೊತ್ತುಗಟ್ಟಲೆ ನಿಲ್ಲುತ್ತದೆ.

ಇದರ ಮೇಲೆ ನಮ್ಮ ಊರುಗಳ ಇನ್ನೊಂದು ಸಂಗತಿ ಸೇರುತ್ತದೆ. ತಾಲೂಕು ಪಶು ಆಸ್ಪತ್ರೆಯಲ್ಲೂ ಪೇಟೆಯ ವೆಟರ್ನರಿ ಔಷಧದಂಗಡಿಯಲ್ಲೂ ಸುಲಭಕ್ಕೆ ಸಿಗುವುದು ದನಕ್ಕೆಂದು ಮಾಡಿದ 10 ಪರ್ಸೆಂಟ್ ಸೀಸೆ. ಅಂದರೆ 1 ಮಿ.ಲೀ.ನಲ್ಲಿ 100 ಮಿ.ಗ್ರಾಂ. ನಾಲ್ಕು ಕ್ವಿಂಟಲ್ ತೂಗುವ ಎಮ್ಮೆಗೆ ಅದು ಅನುಕೂಲ. ಒಂದು ಕೆ.ಜಿ. ಹಾವಿಗೆ ಅದೇ ಸೀಸೆಯಿಂದ ನೇರವಾಗಿ ಎಳೆದು ಕೊಟ್ಟರೆ ಪ್ರಮಾಣ ಸರಿಯಿದ್ದರೂ ಗಾಯ ಆಗುತ್ತದೆ. ಇನ್ನು ‘ಲಾಂಗ್ ಆ್ಯಕ್ಟಿಂಗ್’ ಎಂದು ಬರೆದಿರುವ ಸೀಸೆಗಳು. ಚುಚ್ಚಿದ ಜಾಗದಲ್ಲೇ ಹೆಚ್ಚು ಹೊತ್ತು ನಿಲ್ಲಲಿ ಎಂದೇ ಅವನ್ನು ಮಾಡಿರುತ್ತಾರೆ. ಹಾವಿನ ಮಟ್ಟಿಗೆ ಅದೇ ತೊಂದರೆ. ದನಕ್ಕೆ ಕೊಡುವ ಲಾಂಗ್ ಆ್ಯಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್ ಹಾವಿನ ಬೆನ್ನಿಗೆ ಹೋಗಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಬಿಡಿಸಿ ಹೇಳುತ್ತೇನೆ. ಡೋಸ್ ನಿರ್ಧರಿಸುವುದು ವೈದ್ಯರ ಕೆಲಸ. ಆದರೆ ಸೂಜಿ ಹಿಡಿಯುವವರಿಗೂ ಲೆಕ್ಕ ಗೊತ್ತಿದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಹೆಬ್ಬಾವಿನ ಜಾತಿಗೆ ಎನ್ರೋಫ್ಲಾಕ್ಸಾಸಿನ್ ಮೊದಲ ಡೋಸ್ ಕೆ.ಜಿ.ಗೆ 10 ಮಿ.ಗ್ರಾಂ., ಆಮೇಲೆ 48 ಗಂಟೆಗೊಮ್ಮೆ ಕೆ.ಜಿ.ಗೆ 5 ಮಿ.ಗ್ರಾಂ. ಎಂಬುದು ರೂಢಿಯಲ್ಲಿರುವ ಲೆಕ್ಕ. 1.2 ಕೆ.ಜಿ. ಬಾಲ್ ಪೈಥಾನ್‌ಗೆ ಮೊದಲ ದಿನ 12 ಮಿ.ಗ್ರಾಂ., ಅಂದರೆ 10 ಪರ್ಸೆಂಟ್ ಸೀಸೆಯಿಂದ 0.12 ಮಿ.ಲೀ. ಮುಂದಿನ ಡೋಸ್‌ಗಳಿಗೆ 0.06 ಮಿ.ಲೀ. ಈ 0.06ನ್ನು ಹಾಗೇ ಕೊಡಬಾರದು. ಸಿರಿಂಜಿಗೆ 0.24 ಮಿ.ಲೀ. ನಾರ್ಮಲ್ ಸಲೈನ್ ಸೇರಿಸಿ ಒಟ್ಟು 0.3 ಮಿ.ಲೀ. ಮಾಡಿಕೊಂಡರೆ ತೀಕ್ಷ್ಣತೆ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೊದಲ ದಿನದ 0.12ಕ್ಕೆ 0.48 ಸಲೈನ್ ಸೇರಿ 0.6 ಆಗುತ್ತದೆ. ಅದನ್ನು ಎರಡು ಜಾಗಕ್ಕೆ ಹಂಚಬೇಕು. ಈ ಗಾತ್ರದ ಹಾವಿಗೆ ಒಂದು ಜಾಗದಲ್ಲಿ 0.3 ಮಿ.ಲೀ.ಗಿಂತ ಹೆಚ್ಚು ತುಂಬಿಸದಿರುವುದು ಒಳ್ಳೆಯದು.

ಸಲೈನ್ ಅಂದರೆ 0.9 ಪರ್ಸೆಂಟ್ ಸೋಡಿಯಂ ಕ್ಲೋರೈಡ್ ಮಾತ್ರ. ರಿಂಗರ್ ಲ್ಯಾಕ್ಟೇಟ್ ಬಾಟ್ಲಿ ಕೈಗೆ ಸಿಕ್ಕಿತೆಂದು ಅದರಿಂದ ಎಳೆಯಬಾರದು. ಅದರಲ್ಲಿ ಕ್ಯಾಲ್ಸಿಯಂ ಇದೆ, ಎನ್ರೋಫ್ಲಾಕ್ಸಾಸಿನ್ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಸಲೈನ್‌ನಲ್ಲಿ ಕಲಸಿದಾಗಲೂ ಬೆಳಕಿಗೆ ಹಿಡಿದು ನೋಡಬೇಕು. ಬಿಳಿ ಮಂಜು ಕಂಡರೆ, ಸಣ್ಣ ಹರಳು ತೇಲಿದರೆ ಚೆಲ್ಲಬೇಕು. ಕಲಸಿದ್ದನ್ನು ನಾಳೆಗೆ ಇಡುವಂತಿಲ್ಲ. ಒಂದು ಮಾತು ಸ್ಪಷ್ಟವಾಗಿರಲಿ: ನೀರು ಸೇರಿಸಿದ ಮಾತ್ರಕ್ಕೆ ಕ್ಷಾರ ಹೋಗುವುದಿಲ್ಲ. ಒಂದೇ ಕಡೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ ಅಷ್ಟೆ. ಸಲೈನ್ ಬೆರೆಸಿ ಕೊಟ್ಟರೂ ಕೆಲವು ಹಾವುಗಳಿಗೆ ಕಲೆ ಬೀಳುತ್ತದೆ. ಅದಕ್ಕೇ ಕೆಲವು ವೈದ್ಯರು ಮೊದಲ ಡೋಸ್ ಮಾತ್ರ ಚುಚ್ಚಿ, ಉಳಿದದ್ದನ್ನು ಬಾಯಿ ಮೂಲಕ ನಳಿಕೆಯಲ್ಲಿ ಕೊಡುತ್ತಾರೆ.

ಆಯ್ಕೆ ಇದ್ದಾಗ ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯೋಟಿಕ್ ಕೇಳುವುದು ಒಳ್ಳೆಯದು. ಹಾವಿನ ಬಾಯಿಹುಣ್ಣು, ಶ್ವಾಸಕೋಶದ ಸೋಂಕಿನಲ್ಲಿ ಮತ್ತೆಮತ್ತೆ ಸಿಗುವ ಸ್ಯೂಡೊಮೊನಾಸ್‌ನಂಥ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಮೇಲೆ ಇದು ಕೆಲಸ ಮಾಡುತ್ತದೆ, ಚುಚ್ಚಿದ ಜಾಗವನ್ನು ಕೆಡಿಸುವುದು ಬಹಳ ಕಡಿಮೆ, 72 ಗಂಟೆಗೊಮ್ಮೆ ಕೊಟ್ಟರೆ ಸಾಕು. ಏಳು ಡೋಸ್ ಅಂದರೆ ಮೊದಲನೆಯದರಿಂದ ಕೊನೆಯದಕ್ಕೆ 18 ದಿನ, ಬೆನ್ನಿಗೆ ಏಳೇ ಚುಚ್ಚು. ಮನುಷ್ಯರ ಔಷಧವಾದ್ದರಿಂದ ವೈದ್ಯರ ಚೀಟಿ ತೋರಿಸಿದರೆ ಕಾರವಾರ, ಶಿರಸಿಯ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ.

1 ಗ್ರಾಂ ಪುಡಿಯ ಸೀಸೆಗೆ 10 ಮಿ.ಲೀ. ಇಂಜೆಕ್ಷನ್ ನೀರು ಹಾಕಿದರೆ ಹೆಚ್ಚುಕಡಿಮೆ 1 ಮಿ.ಲೀ.ಗೆ 100 ಮಿ.ಗ್ರಾಂ. ಪುಡಿಯಲ್ಲಿ ಸೋಡಿಯಂ ಕಾರ್ಬೊನೇಟ್ ಇರುವುದರಿಂದ ನೀರು ಬಿದ್ದ ಕೂಡಲೇ ಗುಳ್ಳೆ ಏಳುತ್ತದೆ, ಸೀಸೆಯೊಳಗೆ ಗಾಳಿ ಒತ್ತಡ ಕಟ್ಟುತ್ತದೆ. ಎರಡು ನಿಮಿಷ ಬಿಟ್ಟು, ಸೀಸೆ ನೆಟ್ಟಗಿಟ್ಟು ಸೂಜಿ ಚುಚ್ಚಿ ಗಾಳಿ ಹೊರಬಿಟ್ಟು, ಆಮೇಲೆ ಔಷಧ ಎಳೆಯಬೇಕು. ಅವಸರ ಮಾಡಿದರೆ ಸಿರಿಂಜಿನ ತುಂಬ ಗುಳ್ಳೆ, ಅಳತೆ ಕೆಟ್ಟಿತು. ತಿಳಿ ಹಳದಿ ಬಣ್ಣ ಸಹಜ. ಕೆ.ಜಿ.ಗೆ 20 ಮಿ.ಗ್ರಾಂ. ಲೆಕ್ಕದಲ್ಲಿ 1.2 ಕೆ.ಜಿ. ಹಾವಿಗೆ 24 ಮಿ.ಗ್ರಾಂ., ಅಂದರೆ 0.24 ಮಿ.ಲೀ. ಒಂದು ಸೀಸೆ ಅಷ್ಟೂ ಡೋಸ್‌ಗೆ ಸಾಲುವುದರಿಂದ ಒಂದೊಂದು ಡೋಸನ್ನೂ ಬೇರೆಬೇರೆ ಸಿರಿಂಜಿಗೆ ತುಂಬಿ ಫ್ರೀಜರಿನಲ್ಲಿಡುವ ಪದ್ಧತಿ ಇದೆ. ನಮ್ಮ ಕಡೆ ಅದರ ಅಪಾಯ ಮಳೆಗಾಲದ ಕರೆಂಟು. ಆರು ಗಂಟೆ ಕರೆಂಟು ಹೋಗಿ ಔಷಧ ಕರಗಿ, ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಫ್ರೀಜರಿನಲ್ಲಿ ಸಿರಿಂಜುಗಳ ಪಕ್ಕ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ಒಂದು ನಾಣ್ಯ ಇಡಿ. ನಾಣ್ಯ ಮಂಜುಗಡ್ಡೆಯೊಳಗೆ ಇಳಿದಿದ್ದರೆ ಎಲ್ಲವೂ ಒಮ್ಮೆ ಕರಗಿತ್ತು ಎಂದೇ ಅರ್ಥ. ಆ ಸಿರಿಂಜುಗಳನ್ನು ಬಳಸಬೇಡಿ, ಹೊಸ ಸೀಸೆ ತನ್ನಿ. ಕರಗಿಸುವಾಗ ಕೋಣೆಯ ಶಾಖದಲ್ಲಿ ತಾನಾಗಿ ಕರಗಲಿ, ಕುದಿನೀರಿಗೆ ಹಾಕುವುದು ಬೇಡ. ತಣ್ಣಗಿನ ಔಷಧ ಚುಚ್ಚಿದರೆ ಹಾವಿಗೆ ನೋವೂ ಹೆಚ್ಚು.

ಅಮಿಕಾಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಚರ್ಮ ಕೆಡಿಸುವುದಿಲ್ಲ, ಆದರೆ ಕಿಡ್ನಿ ಕೆಡಿಸಬಲ್ಲದು. ನೀರು ಕಡಿಮೆಯಾಗಿ ಚರ್ಮ ಸುಕ್ಕುಗಟ್ಟಿದ ಹಾವಿಗೆ ಮೊದಲು ದ್ರವ ಕೊಟ್ಟು, ಆಮೇಲೆ ಇದು. ಇಲ್ಲಿ ಪ್ರಮಾಣ ಎಷ್ಟು ಸಣ್ಣದೆಂದರೆ ಮನುಷ್ಯರ, 1 ಮಿ.ಲೀ.ಗೆ 250 ಮಿ.ಗ್ರಾಂ. ಸಾಂದ್ರತೆಯ ಸೀಸೆಯಿಂದ 1.2 ಕೆ.ಜಿ. ಹಾವಿನ ಮೊದಲ ಡೋಸ್, ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕದಲ್ಲಿ, 0.024 ಮಿ.ಲೀ. ಅದನ್ನು ಯಾವ ಸಿರಿಂಜಿನಲ್ಲೂ ನಂಬಿಕೆಯಿಂದ ಅಳೆಯಲಾಗದು. 0.1 ಮಿ.ಲೀ. ಔಷಧಕ್ಕೆ 0.9 ಮಿ.ಲೀ. ಸಲೈನ್ ಸೇರಿಸಿಕೊಂಡರೆ 1 ಮಿ.ಲೀ.ಗೆ 25 ಮಿ.ಗ್ರಾಂ. ಆಗುತ್ತದೆ, ಆಗ 0.24 ಮಿ.ಲೀ. ಎಳೆಯಬಹುದು.

ಸಿರಿಂಜಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತೀರಾ ಕೆಟ್ಟ ತಪ್ಪುಗಳು ಇಲ್ಲೇ ಆಗುತ್ತವೆ. ಸಣ್ಣ ಹಾವಿಗೆ ಇನ್ಸುಲಿನ್ ಸಿರಿಂಜ್ ಅನುಕೂಲ. ಸೂಜಿ ತೆಳು, ಸಿರಿಂಜಿಗೇ ಅಂಟಿಕೊಂಡಿರುವುದರಿಂದ ಕುತ್ತಿಗೆಯಲ್ಲಿ ಔಷಧ ಉಳಿಯುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಎರಡು ಥರದ ಇನ್ಸುಲಿನ್ ಸಿರಿಂಜ್ ಮಾರುತ್ತಾರೆ. ಕೆಂಪು ಮುಚ್ಚಳದ್ದು ಯೂ-40, ಕಿತ್ತಳೆ ಮುಚ್ಚಳದ್ದು ಯೂ-100. ಮೊದಲನೆಯದರಲ್ಲಿ 1 ಮಿ.ಲೀ.ಗೆ 40 ಯೂನಿಟ್, ಎರಡನೆಯದರಲ್ಲಿ 100. ವೈದ್ಯರು 0.24 ಮಿ.ಲೀ. ಎಂದು ಬರೆದರು, ಯೂ-100ರಲ್ಲಿ ಅದು 24ನೇ ಗುರುತು. ಯಾರೋ ‘24 ಪಾಯಿಂಟ್’ ಎಂದು ನೆನಪಿಟ್ಟುಕೊಂಡು ಮನೆಯಲ್ಲಿದ್ದ ಯೂ-40ರಲ್ಲಿ 24ಕ್ಕೆ ಎಳೆದರೆ ಹೋಗುವುದು 0.6 ಮಿ.ಲೀ., ಎರಡೂವರೆ ಪಟ್ಟು. ಸೆಫ್ಟಾಜಿಡಿಮ್‌ನಲ್ಲಿ ಹಾವು ಬಚಾವಾದೀತು. ಅಮಿಕಾಸಿನ್‌ನಲ್ಲಿ ಕಿಡ್ನಿ ಹೋಗುತ್ತದೆ, ಎನ್ರೋಫ್ಲಾಕ್ಸಾಸಿನ್‌ನಲ್ಲಿ ಬೆನ್ನು ಕೊಳೆಯುತ್ತದೆ. ಚೀಟಿಯಲ್ಲಿ ಯಾವಾಗಲೂ ಮಿ.ಲೀ. ಮತ್ತು ಮಿ.ಗ್ರಾಂ. ಎರಡೂ ಇರಲಿ, ಯೂನಿಟ್ ಬೇಡ.

ಸೂಜಿಯೊಡನೆ ಬಿಡಿಯಾಗಿ ಬರುವ 1 ಮಿ.ಲೀ. ಸಿರಿಂಜಿನಲ್ಲಿ ಬೇರೆ ತೊಂದರೆ. ಸೂಜಿಯ ಬುಡದಲ್ಲಿ ನೂರನೇ ಪಾಲುಗಳ ಲೆಕ್ಕದ ಔಷಧ ಕಾಣದೇ ಕೂತಿರುತ್ತದೆ. ಬರೀ ಔಷಧ ಕೊಡುವಾಗ ಅದು ಒಳಗೇ ಉಳಿಯುತ್ತದೆ, ತೊಂದರೆಯಿಲ್ಲ. 0.06 ಮಿ.ಲೀ. ಎನ್ರೋಫ್ಲಾಕ್ಸಾಸಿನ್ ಎಳೆದು, ಮೇಲಿಂದ ಸಲೈನ್ ಎಳೆದಾಗ ಬುಡದಲ್ಲಿದ್ದದ್ದೂ ಒಳಗೆ ಬಂದು ಡೋಸ್ ಜಾಸ್ತಿಯಾಗುತ್ತದೆ. ಇಷ್ಟು ಸಣ್ಣ ಅಳತೆಗೆ ಅದು ಸಣ್ಣ ವ್ಯತ್ಯಾಸವಲ್ಲ. ಚೊಕ್ಕ ಸ್ಟೆರೈಲ್ ಸೀಸೆಯಲ್ಲಿ 0.5 ಮಿ.ಲೀ. ಔಷಧಕ್ಕೆ 2 ಮಿ.ಲೀ. ಸಲೈನ್ ಎಂದು ದೊಡ್ಡ ಪ್ರಮಾಣದಲ್ಲಿ ಕಲಸಿ, ಅದರಿಂದ 0.3 ಎಳೆದರೆ ಅಳತೆ ತಪ್ಪುವುದಿಲ್ಲ. ಉಳಿದದ್ದನ್ನು ಚೆಲ್ಲಿದರೆ ಹೋಗುವುದು ಅಲ್ಪಸ್ವಲ್ಪ ರೂಪಾಯಿ.

ಚುಚ್ಚುವ ಜಾಗ ಮೈಯ ಮುಂದಿನ ಮೂರನೇ ಒಂದು ಭಾಗದಲ್ಲಿ, ಬೆನ್ನೆಲುಬಿನ ಎಡಬಲಕ್ಕಿರುವ ಮಾಂಸಪಟ್ಟಿ. ಹಿಂಭಾಗದ ರಕ್ತ ಕಿಡ್ನಿಯ ಮೂಲಕ ಹಾದುಹೋಗುವ ಏರ್ಪಾಡು ಸರೀಸೃಪಗಳಲ್ಲಿ ಇರುವುದರಿಂದ, ಕಿಡ್ನಿಗೆ ಹೊರೆಯಾಗುವ ಔಷಧವನ್ನು ಹಿಂದೆ ಚುಚ್ಚದಿರುವುದು ವಾಡಿಕೆ. ಇಬ್ಬರು ಬೇಕು. ಒಬ್ಬರು ತಲೆಯನ್ನು ಹಗುರವಾಗಿ ಬಟ್ಟೆಯಲ್ಲಿ ಮುಚ್ಚಿ ಮೈಯನ್ನು ಟೇಬಲ್ ಮೇಲೆ ನೇರವಾಗಿ ಹಿಡಿಯಬೇಕು. ಸೂಜಿ ಒಳಗಿರುವಾಗ ಹಾವು ಸೆಟೆದರೆ ತುದಿ ಮಾಂಸವನ್ನು ಸೀಳುತ್ತದೆ. ಆ ಗಾಯವನ್ನೂ ಆಮೇಲೆ ಔಷಧದ ತಲೆಗೆ ಕಟ್ಟುತ್ತಾರೆ.

ಹುರುಪೆಯನ್ನು ತೂತು ಮಾಡಬಾರದು. ಹುರುಪೆಗಳು ಒಂದರ ಮೇಲೊಂದು ಬಾಲದ ಕಡೆಗೆ ಬಾಗಿ ಕೂತಿರುತ್ತವೆ. ಬೆರಳಿನಿಂದ ಚರ್ಮ ಸ್ವಲ್ಪ ಎಳೆದರೆ ನಡುವಿನ ಮೆತ್ತಗಿನ ಚರ್ಮ ಕಾಣುತ್ತದೆ. ಅಲ್ಲಿ ಸ್ಪಿರಿಟ್ ಒರೆಸಿ, ಪೂರ್ತಿ ಆರಿದ ಮೇಲೆ, ಹುರುಪೆಯ ಅಂಚಿನಡಿಯಿಂದ ತಲೆಯ ದಿಕ್ಕಿಗೆ ಓರೆಯಾಗಿ ಸೂಜಿ ಹೋಗಬೇಕು. ಸ್ವಲ್ಪ ಹಿಂದೆಳೆದು ರಕ್ತ ಬರುವುದಿಲ್ಲ ಎಂದು ನೋಡಿ ನಿಧಾನಕ್ಕೆ ತಳ್ಳಬೇಕು. ಖಾಲಿಯಾದ ಕೂಡಲೇ ಹಿರಿಯಬಾರದು. ಹತ್ತು ಎಣಿಸುವಷ್ಟು ಹೊತ್ತು ಸೂಜಿ ಅಲ್ಲೇ ಇರಲಿ, ತೆಗೆದ ಮೇಲೆ ಹತ್ತಿಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ತಕ್ಷಣ ತೆಗೆದರೆ ಔಷಧ ಸೂಜಿಯ ದಾರಿಯಲ್ಲೇ ಮೇಲೆ ಬಂದು ಚರ್ಮದ ಕೆಳಗೆ ನಿಲ್ಲುತ್ತದೆ. ಚುಚ್ಚಿದ ಜಾಗದಿಂದ ಎಳೆದ ಹಾಗೆ ಉದ್ದಕ್ಕೆ ಕಂದು ಗೆರೆ ಮೂಡಿದ್ದರೆ ಕಾರಣ ಬಹುತೇಕ ಇದೇ. ಚುಚ್ಚಿದಲ್ಲಿ ತಿಕ್ಕುವುದು ಬೇಡ.

ಬೆನ್ನೆಲುಬು ಎದ್ದು ಕಾಣುವಷ್ಟು ಸೊರಗಿದ ಹಾವಿಗೆ ಮಾಂಸವೇ ಇರುವುದಿಲ್ಲ. ಅಂಥದ್ದಕ್ಕೆ ಚರ್ಮದಡಿ ಕೊಡುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಸೆಫ್ಟಾಜಿಡಿಮ್‌ಗೆ ಅದು ನಡೆಯುತ್ತದೆ. ಎನ್ರೋಫ್ಲಾಕ್ಸಾಸಿನ್ ಚರ್ಮದಡಿ ಹೋದರೆ ಚರ್ಮಕ್ಕೇ ನೇರ ಪೆಟ್ಟು.

ಒಂದೇ ಜಾಗಕ್ಕೆ ಎರಡು ಸಲ ಹೋಗಬಾರದು, ನಡುವೆ ಎರಡು ಮೂರು ಸೆಂ.ಮೀ. ಅಂತರ ಬೇಕು. ಒಂದು ಹಾಳೆಯಲ್ಲಿ ಹಾವಿನ ಬೆನ್ನಿನ ಚಿತ್ರ ಬರೆದು, ಎಡ 1, ಬಲ 1, ಎಡ 2 ಎಂದು ತಾರೀಖಿನ ಜೊತೆ ಗುರುತಿಸಿ ಪೆಟ್ಟಿಗೆಯ ಮೇಲೆ ಅಂಟಿಸಿ. ಇದಕ್ಕಿಂತ ಉಪಯೋಗದ ದಾಖಲೆ ಬೇರೆ ಇಲ್ಲ. ಕಲೆ ಬಿದ್ದಾಗ ಯಾವ ದಿನದ, ಯಾವ ಕೈಯ, ಎಷ್ಟು ಬೆರೆಸಿದ ಇಂಜೆಕ್ಷನ್ ಅದು ಎಂದು ತಕ್ಷಣ ಗೊತ್ತಾಗುತ್ತದೆ. ಏಳು ಜಾಗದಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಚುಚ್ಚಿದ ರೀತಿ ತಪ್ಪಿದೆ. ಏಳೂ ಕೆಟ್ಟಿದ್ದರೆ ದ್ರಾವಣ ತೀಕ್ಷ್ಣ. ಅಲರ್ಜಿಯಾದರೆ ಅದು ಸೂಜಿಯ ಜಾಗವನ್ನಷ್ಟೇ ಹುಡುಕಿಕೊಂಡು ಬರುವುದಿಲ್ಲ. ಮೈಯೆಲ್ಲ ಊದುವುದು, ಉಸಿರು ಕಟ್ಟುವುದು, ಕುಸಿಯುವುದು, ಅದೂ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ. ಹಾವುಗಳಲ್ಲಿ ಅದು ಅಪರೂಪ.

ಕಲೆಯನ್ನು ದಿನದ ಲೆಕ್ಕದಲ್ಲಿ ಓದಬೇಕು. ಚುಚ್ಚಿದ ಕ್ಷಣದಲ್ಲಿ ಮೈ ಹಿಂಡುವುದು, ಬುಸುಗುಟ್ಟುವುದು ಎನ್ರೋಫ್ಲಾಕ್ಸಾಸಿನ್‌ನಲ್ಲಿ ಸಾಮಾನ್ಯ, ಅದು ಉರಿ. ಒಂದೆರಡು ದಿನ ಸಣ್ಣ ಊತ. ಮೂರು ನಾಲ್ಕನೇ ದಿನದಿಂದ ಹುರುಪೆಯ ಬಣ್ಣ ಬದಲಾಗುತ್ತದೆ. ಇಲ್ಲಿಗೇ ನಿಂತರೆ ಮುಂದಿನ ಪೊರೆಯ ಜೊತೆ ಬಹುಮಟ್ಟಿಗೆ ಹೋಗುತ್ತದೆ. ಒಳಪದರ ಸತ್ತಿದ್ದರೆ ವಾರ ಎರಡು ವಾರದಲ್ಲಿ ಹಕ್ಕಳೆಗಟ್ಟಿ, ಉದುರಿ, ಕೆಳಗೆ ಹಸಿ ಗಾಯ ಕಾಣುತ್ತದೆ. ವಾಸಿಯಾದ ಮೇಲೂ ಅಲ್ಲಿ ಹುರುಪೆಗಳು ಸಣ್ಣದಾಗಿ, ಸಾಲು ತಪ್ಪಿ, ಬಣ್ಣವಿಲ್ಲದೆ ಬರಬಹುದು. ಆ ಜಾಗದಲ್ಲಿ ಪೊರೆ ಅಂಟಿಕೊಳ್ಳುವುದೂ ಇದೆ. ಅಂಟಿದ ಪೊರೆಯನ್ನು ಉಗುರಿನಿಂದ ಎಬ್ಬಿಸಬಾರದು, ಒದ್ದೆ ಬಟ್ಟೆಯ ಚೀಲದಲ್ಲಿ ಅರ್ಧ ಗಂಟೆ ಬಿಟ್ಟರೆ ತಾನೇ ಸಡಿಲವಾಗುತ್ತದೆ.

ಊತ ಇಳಿಯದೆ ಅಡಿಕೆಯಷ್ಟು ಗಟ್ಟಿ ಗಂಟಾಗಿ ನಿಂತರೆ ವೈದ್ಯರಿಗೆ ತೋರಿಸಬೇಕು. ಹಾವಿನ ಕೀವು ನಮ್ಮದರಂತೆ ಹರಿಯುವುದಿಲ್ಲ. ಕೀವನ್ನು ಕರಗಿಸುವ ಕಿಣ್ವ ಅವುಗಳ ಬಿಳಿ ರಕ್ತಕಣಗಳಲ್ಲಿ ಸಾಕಷ್ಟಿಲ್ಲದ್ದರಿಂದ ಅದು ಒಣಗಿದ ಉಂಡೆಯಾಗಿ, ಸುತ್ತ ಚೀಲ ಕಟ್ಟಿಕೊಂಡು ಕೂರುತ್ತದೆ. ಹಿಸುಕಿದರೆ ಬರುವುದಿಲ್ಲ, ಸುತ್ತಲಿನ ಮಾಂಸ ಹಾಳಾಗುತ್ತದೆ. ಸೂಜಿಯಲ್ಲಿ ಸ್ವಲ್ಪ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ಬ್ಯಾಕ್ಟೀರಿಯಾ ಇದೆಯೋ, ಬರೀ ಔಷಧದಿಂದ ಸತ್ತ ಮಾಂಸವೋ ತಿಳಿಯುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಅರಿವಳಿಕೆ ಕೊಟ್ಟು ಚೀಲದ ಸಮೇತ ತೆಗೆಯಬೇಕು. ವಾಸನೆ, ರಸ ಒಸರುವುದು, ಕಲೆ ಚುಚ್ಚದ ಕಡೆಗೂ ಹರಡುವುದು, ಹೊಟ್ಟೆಯ ಅಗಲ ಹುರುಪೆಗಳ ಕೆಳಗೆ ಕೆಂಪು ಚುಕ್ಕೆ ಮೂಡುವುದು, ಇವು ಕಂಡರೆ ಬೆಳಗಾಗುವವರೆಗೆ ಕಾಯುವುದೂ ಬೇಡ. ಹೊಟ್ಟೆಯ ಕೆಂಪು ರಕ್ತಕ್ಕೆ ಸೋಂಕು ಹೋದ ಲಕ್ಷಣ.

ಎಲ್ಲ ಕಲೆಯೂ ಸೂಜಿಯದ್ದಲ್ಲ ಎಂಬುದೂ ನೆನಪಿರಬೇಕು, ಕರಾವಳಿಯಲ್ಲಂತೂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಮನೆಯೊಳಗಿನ ತೇವಾಂಶ 85 ಪರ್ಸೆಂಟ್ ದಾಟಿಯೇ ಇರುತ್ತದೆ. ತೆಂಗಿನ ನಾರಿನ ಪುಡಿ ಹಾಸಿದ ಪೆಟ್ಟಿಗೆ ಒಣಗುವುದೇ ಇಲ್ಲ. ಆಗ ಹೊಟ್ಟೆಯಡಿಯ ಹುರುಪೆ ಕಂದಾಗಿ, ಗುಳ್ಳೆ ಎದ್ದು ಕೊಳೆಯುತ್ತದೆ. ಹೊಟ್ಟೆಗೆ ಯಾರೂ ಇಂಜೆಕ್ಷನ್ ಕೊಡುವುದಿಲ್ಲವಾದ್ದರಿಂದ ಗುರುತಿಸುವುದು ಸುಲಭ. ಹೀಟ್ ಪ್ಯಾಡ್ ಸುಟ್ಟ ಗಾಯವೂ ಹೊಟ್ಟೆಯಲ್ಲೇ. ಹುರುಪೆಯ ಅಂಚಿನಲ್ಲಿ ಓಡಾಡುವ ಕಪ್ಪು ಚುಕ್ಕೆಯಾದರೆ ನುಸಿ, ನೀರಿನ ಬೋಗುಣಿಯಲ್ಲಿ ಸತ್ತು ಬಿದ್ದಿರುತ್ತವೆ. ಚಿಕಿತ್ಸೆಯ ದಿನಗಳಲ್ಲಿ ನಾರು ತೆಗೆದು ಹಳೇ ಪೇಪರ್ ಹಾಸಿ, ಒದ್ದೆಯಾದಾಗಲೆಲ್ಲ ಬದಲಿಸಿ. ಗಾಯ ಸ್ವಚ್ಛ ಇರುತ್ತದೆ, ಒಸರಿದ್ದು ಪೇಪರಿನ ಮೇಲೆ ಕಾಣುತ್ತದೆ.

ಹಸಿ ಗಾಯಕ್ಕೆ ಸಲೈನ್‌ನಿಂದ ತೊಳೆದು, ಚಹಾ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ, ಆಮೇಲೆ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ತೆಳ್ಳಗೆ ಸವರಿದರೆ ಸಾಕು. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುವುದು ನಮ್ಮ ಮನೆಗಳ ಪದ್ಧತಿ, ಕಾಳಜಿಯಿಂದಲೇ ಮಾಡುತ್ತಾರೆ. ಹಾವಿನ ಗಾಯಕ್ಕೆ ಅದು ಬೇಡ. ಎಣ್ಣೆಗೆ ಕಸ ಅಂಟುತ್ತದೆ, ಅರಿಶಿನದ ಬಣ್ಣದಲ್ಲಿ ಹುರುಪೆಯ ಬಣ್ಣ ಓದಲಾಗುವುದಿಲ್ಲ. ಫಿನಾಯಿಲ್ ಮತ್ತು ಫಿನಾಲ್ ಜಾತಿಯ ಕ್ರಿಮಿನಾಶಕಗಳು ಸರೀಸೃಪಗಳಿಗೆ ವಿಷ, ಪೆಟ್ಟಿಗೆ ತೊಳೆಯುವುದಕ್ಕೂ ಬೇಡ. ಸ್ಟಿರಾಯ್ಡ್ ಬೆರೆತ ತುರಿಕೆ ಮುಲಾಮು ಹಚ್ಚಿದರೆ ಸೋಂಕಿನ ವಿರುದ್ಧದ ಶಕ್ತಿಯೇ ಕುಗ್ಗುತ್ತದೆ. ಕಣ್ಣು ಹಾಲುಬಣ್ಣಕ್ಕೆ ತಿರುಗಿ ಪೊರೆ ಬಿಡುವ ಹೊತ್ತು ಹತ್ತಿರವಾಗಿದ್ದರೆ ಹಳೆ ಚರ್ಮ ಹೊಸ ಚರ್ಮದ ನಡುವೆ ದ್ರವ ತುಂಬಿರುತ್ತದೆ. ಆಗ ತಿಕ್ಕಿ ಒರೆಸಿದರೆ ಹೊಸ ಚರ್ಮಕ್ಕೆ ಗಾಯ. ಡೋಸ್ ತಪ್ಪಿಸಬಾರದು, ಆದರೆ ಹಿಡಿಯುವ ಕೈ ಇನ್ನೂ ಹಗುರ ಇರಬೇಕು.

ಔಷಧದ ಅರ್ಧ ಕೆಲಸ ಶಾಖದ್ದು. 48 ಗಂಟೆ, 72 ಗಂಟೆ ಎಂಬ ಅಂತರಗಳು ಹಾವು ಸರಿಯಾದ ಶಾಖದಲ್ಲಿದೆ ಎಂದುಕೊಂಡು ಹೇಳಿದವು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ, ಇನ್ನೊಂದು ಬದಿ 26–27 ಡಿಗ್ರಿ. ಕಾರವಾರದಲ್ಲಿ ಇದು ಕಷ್ಟವಲ್ಲ. ಶಿರಸಿ, ಸಿದ್ದಾಪುರದಲ್ಲಿ ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಥರ್ಮೋಸ್ಟಾಟ್ ಇಲ್ಲದ ಪೆಟ್ಟಿಗೆಯಲ್ಲಿ ಔಷಧ ಬೆನ್ನಿನಲ್ಲೇ ನಿಲ್ಲುತ್ತದೆ, ಕಿಡ್ನಿಯಿಂದ ಹೊರಹೋಗುವುದೂ ನಿಧಾನ, ಗಾಯ ಮಾಯುವುದೂ ನಿಧಾನ. ಘಟ್ಟದ ಮೇಲೆ ಚಳಿಗಾಲದಲ್ಲಿ ಬೀಳುವ ಕೆಟ್ಟ ಕಲೆಗಳಿಗೆ ಔಷಧಕ್ಕಿಂತ ತಂಪನ್ನೇ ಮೊದಲು ಸಂಶಯಿಸಬೇಕು ಎಂದು ನನಗನಿಸುತ್ತದೆ.

ಇಂಜೆಕ್ಷನ್ ಬೇಕಾಗಿತ್ತೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಬಾಲ್ ಪೈಥಾನ್ ಮೂಗಿನಲ್ಲಿ ಗುಳ್ಳೆ ಬಂತು, ಬಾಯಿ ತೆರೆದು ಉಸಿರಾಡಿತು ಅಂದ ಕೂಡಲೇ ಆ್ಯಂಟಿಬಯೋಟಿಕ್ ಶುರುಮಾಡುವ ರೂಢಿಯಿದೆ. 2014ರಲ್ಲಿ ಇವುಗಳಲ್ಲಿ ಗುರುತಿಸಿದ ನೈಡೋವೈರಸ್ ಕೂಡ ಇದೇ ಲಕ್ಷಣ ತೋರಿಸುತ್ತದೆ, ಅದಕ್ಕೆ ಯಾವ ಆ್ಯಂಟಿಬಯೋಟಿಕ್ಕೂ ನಾಟುವುದಿಲ್ಲ. ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾಕ್ಕೆ ಔಷಧ ಬೇಕಾಗಬಹುದು, ನಿಜ. ಆದರೆ ಮೊದಲ ಡೋಸ್‌ಗೆ ಮುಂಚೆಯೇ ಗಂಟಲಿನ ಸ್ವಾಬ್ ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರೆ, ಯಾವ ಔಷಧ ನಾಟುತ್ತದೆ ಎಂದು ತಿಳಿದು, ಬೆನ್ನನ್ನು ಕಡಿಮೆ ಸುಡುವುದನ್ನು ಆರಿಸಿಕೊಳ್ಳಬಹುದು. ಔಷಧ ಶುರುವಾದ ಮೇಲೆ ತೆಗೆದ ಸ್ವಾಬ್‌ಗೆ ಆ ಬೆಲೆ ಇಲ್ಲ. ಸರೀಸೃಪ ನೋಡಿ ಅಭ್ಯಾಸವಿರುವ ವೈದ್ಯರು ಜಿಲ್ಲೆಯಲ್ಲಿ ವಿರಳ. ಊರಿನ ಪಶುವೈದ್ಯರು ಶಿವಮೊಗ್ಗ ಅಥವಾ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನವರ ಜೊತೆ ಫೋನಿನಲ್ಲಿ ಮಾತಾಡಿ ನಿರ್ಧರಿಸಿದರೆ ಹಾವಿಗೂ ಒಳ್ಳೆಯದು, ಅವರಿಗೂ ಧೈರ್ಯ.

ಕಾಡಿನ ಹೆಬ್ಬಾವಿನ ಲೆಕ್ಕವೂ ಇದೇ ಸೂತ್ರದ್ದು. 10 ಕೆ.ಜಿ. ಹಾವಿಗೆ ಎನ್ರೋಫ್ಲಾಕ್ಸಾಸಿನ್ ಮೊದಲ ಡೋಸ್ 100 ಮಿ.ಗ್ರಾಂ., ಅಂದರೆ 10 ಪರ್ಸೆಂಟ್ ಸೀಸೆಯಿಂದ 1 ಮಿ.ಲೀ. 3 ಮಿ.ಲೀ. ಸಲೈನ್ ಸೇರಿಸಿ ಒಟ್ಟು 4 ಮಿ.ಲೀ. ಮಾಡಿ, ಎಡಬಲ ಎರಡೆರಡು ಜಾಗಕ್ಕೆ ಒಂದೊಂದು ಮಿ.ಲೀ. ಹಂಚಬೇಕು. ತೂಕವನ್ನು ಕಣ್ಣಳತೆಯಲ್ಲಿ ಹೇಳಬಾರದು. ಚೀಲದಲ್ಲಿ ಹಾಕಿ ತೂಗುವ ಕೊಕ್ಕೆ ತಕ್ಕಡಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ಬಲೆಯ ದಾರ ಕೊಯ್ದ ಗಾಯ ಕುತ್ತಿಗೆಯ ಹತ್ತಿರವೇ ಇದ್ದರೆ ಇಂಜೆಕ್ಷನ್ನನ್ನು ಅದರ ಪಕ್ಕ ಕೊಡಬಾರದು, ಎರಡು ಊತ ಒಂದಾಗಿ ಯಾವುದು ಯಾವುದೆಂದು ತಿಳಿಯದಾಗುತ್ತದೆ. ಬೇರೆ ಹಾವುಗಳಿಗಿಂತ ಇಲ್ಲಿ 72 ಗಂಟೆಯ ಔಷಧಕ್ಕೆ ಇನ್ನೂ ಒಂದು ಅನುಕೂಲ. ಕಾಡಿನ ಹಾವನ್ನು ಪದೇಪದೇ ಹಿಡಿಯುವುದೇ ಅದಕ್ಕೆ ದೊಡ್ಡ ಹಿಂಸೆ, ಹಿಡಿಯುವುದು ಕಡಿಮೆಯಾದಷ್ಟೂ ಅದು ಬೇಗ ಚೇತರಿಸಿಕೊಳ್ಳುತ್ತದೆ.

ಬಿಡುಗಡೆಯ ಹೊತ್ತಿಗೆ ಬೆನ್ನಿನಲ್ಲಿ ಒಣಗಿದ ಕಂದು ಕಲೆ ಉಳಿದಿದ್ದರೆ ಅದಕ್ಕಾಗಿ ಹೆಬ್ಬಾವನ್ನು ಇನ್ನೂ ಎರಡು ವಾರ ಕೂಡಿಹಾಕುವ ಅಗತ್ಯವಿಲ್ಲ. ಹಸಿ ಗಾಯ, ಗಟ್ಟಿ ಗಂಟು ಇದ್ದರೆ ಮಾತ್ರ ಕಾಯಬೇಕು. ಅರಣ್ಯ ಇಲಾಖೆಯವರ ಕೈಗೆ ಕೊಡುವ ಚೀಟಿಯಲ್ಲಿ ತೂಕ, ಔಷಧದ ಹೆಸರು, ಸಾಂದ್ರತೆ, ಎಷ್ಟು ಬೆರೆಸಿದ್ದು, ಯಾವ ತಾರೀಖು ಯಾವ ಬದಿಗೆ ಚುಚ್ಚಿದ್ದು ಎಂಬುದನ್ನು ಕನ್ನಡದಲ್ಲೇ ಬರೆದು, ಬೆನ್ನಿನ ಒಂದು ಫೋಟೊ ಸೇರಿಸಿ ಕೊಡಿ. ಅದೇ ಹಾವು ಮತ್ತೊಂದು ತೋಟದ ಬಲೆಗೆ ಸಿಕ್ಕಿ ಮತ್ತೊಂದು ಆಸ್ಪತ್ರೆಗೆ ಬಂದರೆ, ಅಲ್ಲಿನ ವೈದ್ಯರು ಆ ಕಲೆಯನ್ನು ಹೊಸ ರೋಗ ಎಂದುಕೊಂಡು ಮತ್ತೆ ಸೂಜಿ ಎತ್ತಿಕೊಳ್ಳುವುದು ತಪ್ಪುತ್ತದೆ.